ವಳಿವಡೆಯ ಪೋಲಿಷ್ ಶಾಲೆ, ಗಾಜಾದ ಶಾಲೆ: ಖರ್ಚು ಯಾರದು?

ದೀಪಾವಳಿ ರಜೆ ಮುಗಿಸಿ ಬಂದ ಎಂಟನೆಯ ತರಗತಿಯ ಹುಡುಗನೊಬ್ಬ ಹೊಸ ಅಂಗಿ ತೋರಿಸುತ್ತ ಕೇಳಿದ, "ಸರ್, ಗಾಂಧಿನಗರದಾಗ ಅಂಗಡ್ಯಾವ್ರು ಭಾಳ ಮಂದಿ ಸಿಂಧಿ ಅದಾರ. ಅವ್ರು ಅಲ್ಲಿಗೆ ಹೆಂಗ ಬಂದ್ರು ರೀ?"

ಮೀರಜ್, ಸಾಂಗ್ಲಿ ಕಡೆಯವರಿಗೆ ಕೊಲ್ಹಾಪುರದ ಹತ್ತಿರದ ಗಾಂಧಿನಗರ ಗೊತ್ತಿಲ್ಲದೇ ಇರುವುದಿಲ್ಲ. ಮದುವೆ ಬಟ್ಟೆ ಎಂದರೆ ಅಲ್ಲಿಗೇ. ಆದರೆ ಆ ಪೇಟೆ ನಿಂತಿರುವ ನೆಲದಲ್ಲಿ ಒಂದು ಕಾಲಕ್ಕೆ ಪೋಲೆಂಡ್ ದೇಶದ ಸುಮಾರು 5 ಸಾವಿರ ಜನ ಇದ್ದರು ಎಂದು ಹೇಳಿದಾಗ ಇಡೀ ತರಗತಿ ನಕ್ಕಿತು. ಸರ್ ಕಥೆ ಕಟ್ಟುತ್ತಿದ್ದಾರೆ ಎಂದುಕೊಂಡರು! ಅವರಿಗೆ ಹೇಳಿದ್ದನ್ನೇ ಸ್ವಲ್ಪ ವಿಸ್ತಾರವಾಗಿ ಇಲ್ಲಿ ಬರೆಯುತ್ತಿದ್ದೇನೆ.

1939ರ ಸೆಪ್ಟೆಂಬರಿನಲ್ಲಿ ಪೋಲೆಂಡಿನ ಮೇಲೆ ಪಶ್ಚಿಮದಿಂದ ಹಿಟ್ಲರನ ಜರ್ಮನಿ, ಪೂರ್ವದಿಂದ ಸ್ಟಾಲಿನ್ನನ ರಷ್ಯಾ ಬಿದ್ದವು. ಪೂರ್ವ ಭಾಗದ ಲಕ್ಷಾಂತರ ಜನರನ್ನು 1940–41ರಲ್ಲಿ ರಷ್ಯದವರು ಗೂಡ್ಸ್ ಗಾಡಿಗಳಲ್ಲಿ ತುಂಬಿ ಸೈಬೀರಿಯಾ, ಕಝಾಕಸ್ತಾನಗಳಿಗೆ ಸಾಗಿಸಿದರು. 1941ರಲ್ಲಿ ಜರ್ಮನಿ ರಷ್ಯದ ಮೇಲೇ ತಿರುಗಿ ಬಿದ್ದಾಗ ಲೆಕ್ಕ ಬದಲಾಯಿತು. ಇವರನ್ನು ಬಿಡುವ ಒಪ್ಪಂದವಾಯಿತು. ಬದುಕಿ ಉಳಿದವರಲ್ಲಿ ಲಕ್ಷಕ್ಕೂ ಹೆಚ್ಚು ಜನ 1942ರಲ್ಲಿ ಇರಾನ್ ಸೇರಿದರು. ಗಂಡಸರು ಸೈನ್ಯಕ್ಕೆ ಹೋದರು. ಹೆಂಗಸರು, ಮಕ್ಕಳು, ಮುದುಕರು ಎಲ್ಲಿಗೆ ಹೋಗಬೇಕು?

ಮೊದಲು ಬಾಗಿಲು ತೆರೆದವರು ಗುಜರಾತಿನ ನವಾನಗರದ ಜಾಮ್ ಸಾಹೇಬ್ ದಿಗ್ವಿಜಯಸಿಂಹಜಿ. 1942ರಲ್ಲಿ ಬಾಲಾಚಡಿಯಲ್ಲಿ ಪೋಲಿಷ್ ಮಕ್ಕಳಿಗೆ ವಸತಿ ಮಾಡಿಸಿದರು. 1943ರಲ್ಲಿ ಕೊಲ್ಹಾಪುರ ಸಂಸ್ಥಾನದ ವಳಿವಡೆಯಲ್ಲಿ ಅದಕ್ಕಿಂತ ಬಹಳ ದೊಡ್ಡ ವಸತಿ ಎದ್ದಿತು. ಮೀರಜಿನಿಂದ ಕೊಲ್ಹಾಪುರ ಪ್ಯಾಸೆಂಜರ್ ಹತ್ತಿದರೆ ಜಯಸಿಂಗಪುರ, ಹಾತಕಣಂಗಲೆ, ರುಕಡಿ ದಾಟಿದ ಮೇಲೆ ವಳಿವಡೆ ಸ್ಟೇಶನ್ ಬರುತ್ತದೆ. ಕೊಲ್ಹಾಪುರದ ಹಾದಿ ಮೀರಜ್ ಜಂಕ್ಷನ್ನಿನಿಂದಲೇ ಒಡೆಯುವುದರಿಂದ ರೈಲಿನಲ್ಲಿ ಬಂದ ಆ ಜನವೆಲ್ಲ ನಮ್ಮ ಊರಿನ ಮೇಲೆಯೇ ಹಾಯ್ದು ಹೋಗಿರಬೇಕು. ದಿನಾ ಅದೇ ಪ್ಲಾಟ್‌ಫಾರ್ಮಿನ ಮೇಲೆ ಚಹ ಕುಡಿಯುವ ನನಗೂ ಇದು ಹೊಳೆದದ್ದು ಬಹಳ ತಡವಾಗಿ.

ಸಾಲು ಸಾಲು ಬ್ಯಾರಕ್ಕುಗಳು, ಚರ್ಚು, ಆಸ್ಪತ್ರೆ, ಅಂಚೆ ಕಚೇರಿ, ಅಂಗಡಿ, ನಾಟಕ, ಸ್ಕೌಟು, ಎಲ್ಲ ಇದ್ದವು. ಮೇಷ್ಟರಾದ ನನಗೆ ಮುಖ್ಯವೆನಿಸುವುದು ಅಲ್ಲಿಯ ಶಾಲೆಗಳು. ಪ್ರಾಥಮಿಕ ಶಾಲೆಯಿಂದ ಹೈಸ್ಕೂಲಿನವರೆಗೆ, ಎಲ್ಲವೂ ಪೋಲಿಷ್ ಮಾಧ್ಯಮ. ನಿರಾಶ್ರಿತರಲ್ಲೇ ಓದಿದವರು ಶಿಕ್ಷಕರಾದರು. ಸುತ್ತ ಮರಾಠಿ, ಮೇಲೆ ಇಂಗ್ಲಿಷ್ ಸರ್ಕಾರ, ಒಳಗೆ ತಾಯ್ನುಡಿಯ ಪಾಠ! ಮಹಾರಾಷ್ಟ್ರದಲ್ಲಿ ಕನ್ನಡ ಶಾಲೆ ನಡೆಸುವ ನಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಆ ದಿನಗಳಲ್ಲಿ ಹೊರದೇಶಗಳಲ್ಲಿದ್ದ ಪೋಲಿಷ್ ಶಾಲೆಗಳಿಗಾಗಿ ಪಠ್ಯಪುಸ್ತಕಗಳು ಅಚ್ಚಾಗುತ್ತಿದ್ದ ಊರುಗಳಲ್ಲಿ ಒಂದು ಯಾವುದು ಗೊತ್ತೆ? ಪ್ಯಾಲೆಸ್ಟೈನಿನ ಜೆರುಸಲೇಮ್. ಈ ಊರಿನ ಹೆಸರು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಇಷ್ಟಾದ ಮೇಲೆ ಹಿಂದಿನ ಬೆಂಚಿನ ಹುಡುಗಿ ಕೇಳಿದಳು, "ಅಷ್ಟ ಮಂದಿಗೆ ಊಟಕ್ಕ ರೊಕ್ಕ ಯಾರ್ ಕೊಟ್ರು ಸರ್?" ಇತಿಹಾಸದ ಪುಸ್ತಕಗಳು ಸಾಮಾನ್ಯವಾಗಿ ಕೇಳದ ಪ್ರಶ್ನೆ ಇದು.

ಜಾಗ ಕೊಲ್ಹಾಪುರದ್ದು, ಮೇಲ್ವಿಚಾರಣೆ ಭಾರತದ ಬ್ರಿಟಿಷ್ ಸರ್ಕಾರದ್ದು. ಖರ್ಚು ಮಾತ್ರ ಲಂಡನ್ನಿನಲ್ಲಿದ್ದ ಪೋಲೆಂಡಿನ ದೇಶಭ್ರಷ್ಟ ಸರ್ಕಾರದ ಲೆಕ್ಕಕ್ಕೆ. ಅದಕ್ಕೂ ಬ್ರಿಟನ್ನೇ ಸಾಲ ಕೊಡುತ್ತಿತ್ತೆನ್ನಿ. 1945ರ ಜುಲೈಯಲ್ಲಿ ಬ್ರಿಟನ್ ಮತ್ತು ಅಮೆರಿಕ ಲಂಡನ್ ಸರ್ಕಾರವನ್ನು ಕೈಬಿಟ್ಟು, ರಷ್ಯದ ಕೈಕೆಳಗಿನ ವಾರ್ಸಾ ಸರ್ಕಾರಕ್ಕೆ ಮಾನ್ಯತೆ ಕೊಟ್ಟವು. ಅಲ್ಲಿಗೆ ವಳಿವಡೆಯ ಜನರ ಸರ್ಕಾರವೇ ಇಲ್ಲದಂತಾಯಿತು. ಯಾವುದೋ ದೂರದ ಮೇಜಿನ ಮೇಲೆ ಒಂದು ಸಹಿ ಬಿದ್ದರೆ ಪಂಚಗಂಗೆಯ ದಂಡೆಯ ಮಕ್ಕಳ ರೊಟ್ಟಿಯ ಲೆಕ್ಕ ಬದಲಾಗುತ್ತಿತ್ತು.

ಆಮೇಲೆ ಆ ಹೊಣೆ ಬಂದದ್ದು ಯುಎನ್‌ಆರ್‌ಆರ್‌ಎ ಎಂಬ ಸಂಸ್ಥೆಗೆ. 1943ರ ನವೆಂಬರ್ 9ರಂದು 44 ದೇಶಗಳು ವಾಷಿಂಗ್ಟನ್ನಿನಲ್ಲಿ ಸಹಿ ಹಾಕಿ ಕಟ್ಟಿದ ಪರಿಹಾರ ಸಂಸ್ಥೆ ಅದು. ಸಹಿ ಹಾಕಿದವರಲ್ಲಿ ಭಾರತವೂ ಇತ್ತು, ಇನ್ನೂ ಸ್ವಾತಂತ್ರ್ಯ ಬಂದಿರಲಿಲ್ಲ ಎಂಬುದನ್ನು ಗಮನಿಸಿ. ನಿರಾಶ್ರಿತರು ತಮ್ಮ ದೇಶಕ್ಕೆ ಮರಳಬೇಕೆಂಬುದು ಆ ಸಂಸ್ಥೆಯ ಧೋರಣೆ. ಆದರೆ ವಳಿವಡೆಯ ಬಹುಪಾಲು ಜನರ ಊರುಗಳು ಆಗ ಪೋಲೆಂಡಿನಲ್ಲೇ ಇರಲಿಲ್ಲ, ಗಡಿ ಸರಿದು ಸೋವಿಯತ್ ರಷ್ಯಕ್ಕೆ ಸೇರಿದ್ದವು. ಮನೆ ಇದ್ದಲ್ಲೇ ಇದೆ, ದೇಶ ಬೇರೆಯಾಗಿದೆ. ಗಡಿ ಸರಿಯುವುದೆಂದರೇನು ಎಂದು ನಮ್ಮ ಕಡೆಯ ಮಕ್ಕಳಿಗೆ ಹೇಳಿಕೊಡುವ ಅಗತ್ಯವಿಲ್ಲ. ಆದರೂ ನಮ್ಮದಕ್ಕೂ ಅದಕ್ಕೂ ಹೋಲಿಕೆಯಿಲ್ಲ. ನಮ್ಮನ್ನು ಯಾರೂ ಗೂಡ್ಸ್ ಗಾಡಿಗೆ ತುಂಬಲಿಲ್ಲ. ಕೆಲವರು ಪೋಲೆಂಡಿಗೆ ಮರಳಿದರು. ಹೆಚ್ಚಿನವರು ಇಂಗ್ಲೆಂಡ್, ಆಸ್ಟ್ರೇಲಿಯಾ, ಕೆನಡಾ ಎಂದು ಚದುರಿದರು. 1948ರ ಹೊತ್ತಿಗೆ ವಸತಿ ಖಾಲಿಯಾಯಿತು. ಖಾಲಿಯಾದ ಅದೇ ಬ್ಯಾರಕ್ಕುಗಳಿಗೆ ದೇಶ ವಿಭಜನೆಯಲ್ಲಿ ಸಿಂಧ್ ಬಿಟ್ಟು ಬಂದ ಕುಟುಂಬಗಳು ಬಂದವು. ಅಂಗಿಯ ಹುಡುಗನಿಗೆ ಉತ್ತರ ಸಿಕ್ಕಿತು.

ಅದೇ 1948ರಲ್ಲಿ ಪ್ಯಾಲೆಸ್ಟೈನಿನಲ್ಲಿ ಇಸ್ರೇಲ್ ಸ್ಥಾಪನೆಯಾಗಿ, ಯುದ್ಧ ನಡೆದು, 7 ಲಕ್ಷಕ್ಕೂ ಹೆಚ್ಚು ಅರಬರು ಮನೆ ಬಿಟ್ಟರು. ಅವರಿಗಾಗಿ ವಿಶ್ವಸಂಸ್ಥೆ 1949ರ ಡಿಸೆಂಬರ್ 8ರಂದು ಕಟ್ಟಿದ ಸಂಸ್ಥೆಯೇ ಯುಎನ್‌ಆರ್‌ಡಬ್ಲ್ಯುಎ. ಹೆಸರು ಹೆಚ್ಚುಕಡಿಮೆ ಒಂದೇ ಆದ್ದರಿಂದ ಬಹಳ ಜನ ಎರಡನ್ನೂ ಒಂದೇ ಎಂದುಕೊಳ್ಳುತ್ತಾರೆ, ಮೊದಲು ನಾನೂ ಹಾಗೇ ತಿಳಿದಿದ್ದೆ. ಮೊದಲನೆಯದು ಕೆಲವೇ ವರ್ಷಗಳಲ್ಲಿ ಮುಗಿಯಿತು. ಎರಡನೆಯದು ಕೂಡ ತಾತ್ಕಾಲಿಕವೆಂದೇ 1950ರ ಮೇ 1ರಂದು ಕೆಲಸ ಆರಂಭಿಸಿತ್ತು. ಮುಕ್ಕಾಲು ಶತಮಾನವಾದರೂ ಮುಗಿಯಲಿಲ್ಲ. ಜೋರ್ಡಾನ್, ಲೆಬನಾನ್, ಸಿರಿಯಾ, ಪಶ್ಚಿಮ ದಂಡೆ, ಗಾಜಾಗಳಲ್ಲಿ ಅದರ ಪಟ್ಟಿಯಲ್ಲಿರುವ ನಿರಾಶ್ರಿತರು ಈಗ ಸುಮಾರು 59 ಲಕ್ಷ.

ಅದರ ಸಿಬ್ಬಂದಿಯಲ್ಲಿ ಹೆಚ್ಚಿನವರು ನಮ್ಮಂಥ ಮೇಷ್ಟರುಗಳೇ. ಶಾಲೆಯಲ್ಲಿ ಕಲಿಸುವುದು ಆಯಾ ಪ್ರದೇಶದ ಸರ್ಕಾರದ ಪಠ್ಯ. ನಮ್ಮ ಮಕ್ಕಳೂ ಪುಣೆಯ ಬಾಲಭಾರತಿಯ ಕನ್ನಡ ಪುಸ್ತಕ ಓದುತ್ತಾರಲ್ಲ, ಹೆಚ್ಚುಕಡಿಮೆ ಹಾಗೆ. 2023ರ ಅಕ್ಟೋಬರಿಗೆ ಮೊದಲು ಗಾಜಾ ಒಂದರಲ್ಲೇ ಸುಮಾರು 3 ಲಕ್ಷ ಮಕ್ಕಳು ಈ ಶಾಲೆಗಳಲ್ಲಿದ್ದರು. ಯುದ್ಧ ಶುರುವಾದ ಮೇಲೆ ಪಾಠ ನಿಂತು ತರಗತಿಗಳು ಮನೆ ಕಳೆದುಕೊಂಡವರ ಆಸರೆಯಾದವು, ಅವುಗಳ ಮೇಲೂ ಬಾಂಬು ಬಿದ್ದವು.

ಇಲ್ಲಿಯೂ ಹುಡುಗಿಯ ಪ್ರಶ್ನೆಯೇ: ರೊಕ್ಕ ಯಾರದು? ಈ ಸಂಸ್ಥೆಗೆ ಕಾಯಂ ಆದಾಯವೆಂಬುದು ಬಹಳ ಕಡಿಮೆ. ದೇಶಗಳು ವರ್ಷವರ್ಷ ಮನಸ್ಸು ಮಾಡಿ ಕೊಟ್ಟರೆ ಉಂಟು. ಎಷ್ಟೋ ದಶಕ ಅಮೆರಿಕವೇ ದೊಡ್ಡ ದಾನಿ. 2018ರಲ್ಲಿ ಅದು ಹಣ ನಿಲ್ಲಿಸಿತು, 2021ರಲ್ಲಿ ಮತ್ತೆ ಕೊಟ್ಟಿತು. ಸಂಸ್ಥೆಯ ಕೆಲವು ನೌಕರರು 2023ರ ಅಕ್ಟೋಬರ್ 7ರ ಹಮಾಸ್ ದಾಳಿಯಲ್ಲಿದ್ದರೆಂದು ಇಸ್ರೇಲ್ ಆರೋಪಿಸಿದಾಗ, 2024ರ ಜನವರಿಯಲ್ಲಿ ಅಮೆರಿಕ ಸೇರಿ ಹಲವು ದೇಶಗಳು ಒಮ್ಮೆಲೇ ಕೈ ಹಿಂತೆಗೆದವು. ವಿಶ್ವಸಂಸ್ಥೆಯ ತನಿಖೆಯ ಕೊನೆಗೆ 9 ಜನ ಭಾಗವಹಿಸಿರಬಹುದೆಂದು ಕಂಡು ಅವರನ್ನು ವಜಾ ಮಾಡಲಾಯಿತು. ಅಮೆರಿಕ ಬಿಟ್ಟು ಹೆಚ್ಚಿನ ದೇಶಗಳು ತಿಂಗಳುಗಳಲ್ಲೇ ಮರಳಿ ಕೊಡತೊಡಗಿದವು. ತಪ್ಪು ಮಾಡಿದವರಿಗೆ ಶಿಕ್ಷೆ ಆಗಲೇಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಮೂರನೆಯ ತರಗತಿಯ ಮಗುವಿನ ಪಾಟಿಗೂ ಅದಕ್ಕೂ ಏನು ಸಂಬಂಧ ಎಂದು ನನಗೆ ಇನ್ನೂ ಅರ್ಥವಾಗಿಲ್ಲ.

ಭಾರತ ಆಗ ನಿಲ್ಲಿಸಲಿಲ್ಲ. ಮೊದಲು ವರ್ಷಕ್ಕೆ 12.5 ಲಕ್ಷ ಡಾಲರ್ ಕೊಡುತ್ತಿದ್ದುದು 2018ರಿಂದ 50 ಲಕ್ಷ ಡಾಲರ್ ಆಯಿತು. ಮಿಕ್ಕವರು ಹಿಂಜರಿದ 2024ರಲ್ಲೂ ಜುಲೈಯಲ್ಲಿ 25 ಲಕ್ಷ, ನವೆಂಬರಿನಲ್ಲಿ 25 ಲಕ್ಷ ಎಂದು ಎರಡು ಕಂತಿನಲ್ಲಿ ಅಷ್ಟೂ ಹಣ ಹೋಯಿತು. ಸಂಸ್ಥೆಯ ಖರ್ಚಿನ ಮುಂದೆ ಇದು ದೊಡ್ಡ ಮೊತ್ತವಲ್ಲ. ಆದರೆ ಹೇಳಿದ ಕಾಲಕ್ಕೆ ಬರುವ ಚಿಕ್ಕ ಸಂಬಳದ ಬೆಲೆ ಅನುದಾನಕ್ಕೆ ಕಾದು ಕೂತ ಶಾಲೆಗಳವರಿಗೆ ಚೆನ್ನಾಗಿ ಗೊತ್ತು.

ಅದೇ 2024ರ ಆಗಸ್ಟಿನಲ್ಲಿ ನಮ್ಮ ಪ್ರಧಾನಿ ವಾರ್ಸಾಕ್ಕೆ ಹೋಗಿದ್ದಾಗ ಅಲ್ಲಿಯ ಕೊಲ್ಹಾಪುರ ಸ್ಮಾರಕಕ್ಕೆ ಹೂ ಇಟ್ಟು ಬಂದರು. ಪೋಲೆಂಡಿನ ರಾಜಧಾನಿಯಲ್ಲಿ ಕೊಲ್ಹಾಪುರದ ಹೆಸರಿನ ಕಲ್ಲು! ಕೊಲ್ಹಾಪುರದ ಮಹಾವೀರ ಉದ್ಯಾನದಲ್ಲೂ ಪೋಲಿಷ್ ಜನರ ನೆನಪಿನ ಸ್ತಂಭವಿದೆ. ಈ ಸಲದ ಶಾಲಾ ಪ್ರವಾಸದಲ್ಲಿ ಮಹಾಲಕ್ಷ್ಮಿ ಗುಡಿ, ಪನ್ಹಾಳಗಡದ ಜೊತೆ ಅದನ್ನೂ ಸೇರಿಸಿದ್ದೇನೆ. ಹುಡುಗರು ಮಾತ್ರ ಗಾಂಧಿನಗರದಲ್ಲಿ ಒಂದು ತಾಸು ಬಿಡಲೇಬೇಕೆಂದು ಹಟ ಹಿಡಿದಿದ್ದಾರೆ.