ವಿಜಯನಗರ ಕೋಟೆಯೊಳಗಿನ ಬಸದಿಗಳು: ಕಮಲಾಪುರದಿಂದ ಆರಂಭಿಸಬೇಕಾದ ಅಧ್ಯಯನ ಪ್ರವಾಸ

ಕನ್ನಡ ಮತ್ತು ಇತಿಹಾಸ ವಿಭಾಗಗಳ ವಿದ್ಯಾರ್ಥಿಗಳು ಅಧ್ಯಯನ ಪ್ರವಾಸಕ್ಕೆ ಹೆಚ್ಚಾಗಿ ಆರಿಸಿಕೊಳ್ಳುವ ಸ್ಥಳಗಳಲ್ಲಿ ಹಂಪೆಯೂ ಒಂದು. ಇಂತಹ ಪ್ರವಾಸಗಳು ಸಾಮಾನ್ಯವಾಗಿ ಒಂದೇ ಜಾಡಿನಲ್ಲಿ ಸಾಗುತ್ತವೆ. ಬೆಳಿಗ್ಗೆ ವಿರೂಪಾಕ್ಷನ ದರ್ಶನ, ಬಳಿಕ ಹೇಮಕೂಟ, ಉಗ್ರನರಸಿಂಹ, ಕಮಲ ಮಹಲು, ಆನೆಲಾಯ, ಸಂಜೆಯ ಹೊತ್ತಿಗೆ ವಿಠ್ಠಲ ದೇವಾಲಯದ ಕಲ್ಲಿನ ರಥ. ಸಮಯ ಉಳಿದರೆ ಕಮಲಾಪುರದ ಪುರಾತತ್ತ್ವ ಸಂಗ್ರಹಾಲಯ, ಉಳಿಯದಿದ್ದರೆ ಅದೂ ಇಲ್ಲ. ಹೀಗೆ ನೋಡಿದವರಿಗೆ ಹಲವು ಸ್ಮಾರಕಗಳ ಪರಿಚಯವಾಗುತ್ತದೆಯೇ ಹೊರತು ಒಂದು ನಗರದ ಪರಿಚಯವಾಗುವುದಿಲ್ಲ. ವಿಜಯನಗರವಾದರೋ ಮೊದಲಿಗೆ ಕೋಟೆಯ ನಗರ. ಯಾವ ಕಟ್ಟಡ ಯಾವ ಗೋಡೆಯ ಒಳಗಿದೆ, ಯಾವ ಬಾಗಿಲಿಗೆ ಹತ್ತಿರವಿದೆ, ಯಾವ ಬೀದಿಯಲ್ಲಿದೆ ಎಂಬುದನ್ನು ಬಿಟ್ಟು ಅದರ ಇತಿಹಾಸವನ್ನು ಹೇಳಲಾಗದು. ಜೈನಧರ್ಮದ ಸಂಬಂಧದಲ್ಲಂತೂ ಈ ಮಾತು ಹೆಚ್ಚು ಸತ್ಯ. ಅಲ್ಲಿ ಜೈನ ಗುಡಿಗಳೆಂದು ಬಹುಕಾಲ ತೋರಿಸಲಾದವು ಜೈನ ಗುಡಿಗಳಲ್ಲ. ನಿಜವಾಗಿ ಬಸದಿಗಳಾದವುಗಳ ಕಡೆ ಹೆಚ್ಚಿನ ಪ್ರವಾಸಿಗರು ಹೋಗುವುದೇ ಇಲ್ಲ.

ಆದ್ದರಿಂದ ಪ್ರವಾಸದ ಕ್ರಮವನ್ನು ತಿರುಗಿಸಿ, ಕಮಲಾಪುರದ ಸಂಗ್ರಹಾಲಯದಿಂದಲೇ ಆರಂಭಿಸುವುದು ಉಚಿತ. ಬ್ರಿಟಿಷ್ ಅಧಿಕಾರಿಗಳ ಕಾಲದಲ್ಲಿ ಅವಶೇಷಗಳ ನಡುವೆ ದೊರೆತ ಶಿಲ್ಪಗಳನ್ನು ಆನೆಲಾಯದಲ್ಲಿ ಕೂಡಿಡಲಾಗಿತ್ತು. ಆ ಸಂಗ್ರಹವನ್ನು 1972ರಲ್ಲಿ ಕಮಲಾಪುರದ ಈಗಿನ ಕಟ್ಟಡಕ್ಕೆ ಸಾಗಿಸಲಾಯಿತು. ಇಲ್ಲಿನ ಶಿಲ್ಪಗಳಷ್ಟೇ ಮುಖ್ಯವಾದುದು ನಡುವಿನ ಅಂಗಳದಲ್ಲಿರುವ ವಿಜಯನಗರದ ದೊಡ್ಡ ಪ್ರತಿಕೃತಿ. ತುಂಗಭದ್ರೆಯ ಹರಿವು, ಬಂಡೆಗಳ ಗುಡ್ಡಸಾಲು, ಅವುಗಳ ನಡುವಿನ ಕಣಿವೆಗಳು, ಸ್ಮಾರಕಗಳ ನೆಲೆ ಎಲ್ಲವೂ ಅಲ್ಲಿ ಒಂದೇ ನೋಟಕ್ಕೆ ಸಿಗುತ್ತವೆ. ಅದರ ಸುತ್ತ ಅರ್ಧ ಗಂಟೆ ನಿಂತು ಟಿಪ್ಪಣಿ ಮಾಡಿಕೊಂಡ ವಿದ್ಯಾರ್ಥಿಗೆ ಮುಂದಿನ ಎರಡು ದಿನಗಳ ನಡಿಗೆ ಸಾರ್ಥಕವಾಗುತ್ತದೆ. ಸಂಗ್ರಹಾಲಯಕ್ಕೆ ಶುಕ್ರವಾರ ರಜೆ. ಪ್ರವಾಸದ ದಿನವನ್ನು ಗೊತ್ತುಪಡಿಸುವಾಗಲೇ ಇದನ್ನು ಗಮನದಲ್ಲಿಡಬೇಕು.

ಪ್ರತಿಕೃತಿಯಲ್ಲಿ ಮೊದಲು ಗುರುತಿಸಬೇಕಾದುದು ನಗರದ ವಿಭಾಗಗಳನ್ನು. 1980ರಿಂದ ಎರಡು ದಶಕಗಳ ಕಾಲ ಇಲ್ಲಿ ಕ್ಷೇತ್ರಕಾರ್ಯ ನಡೆಸಿದ ಜಾನ್ ಫ್ರಿಟ್ಜ್ ಮತ್ತು ಜಾರ್ಜ್ ಮಿಚೆಲ್ ಅವರು ನದಿಯ ದಕ್ಷಿಣ ದಂಡೆಯ ದೇವಾಲಯಗಳ ನೆಲೆಯನ್ನು ಪವಿತ್ರ ಕೇಂದ್ರವೆಂದೂ, ಅದರ ದಕ್ಷಿಣಕ್ಕೆ ಕೋಟೆಯೊಳಗಿನ ಜನವಸತಿಯ ನೆಲೆಯನ್ನು ನಗರ ಕೇಂದ್ರವೆಂದೂ, ಅದರೊಳಗೆ ಅರಮನೆ ಮತ್ತು ಆಡಳಿತದ ಆವರಣಗಳಿರುವ ಭಾಗವನ್ನು ರಾಜಕೇಂದ್ರವೆಂದೂ ಹೆಸರಿಸಿದರು. ನಗರ ಕೇಂದ್ರವನ್ನು ಬಳಸಿರುವ ಗೋಡೆ ಗುಡ್ಡಗಳ ಬೆನ್ನನ್ನೇ ಹಿಡಿದು ಸಾಗುತ್ತದೆ. ಹೊರಮೈಯಲ್ಲಿ ಗಾರೆಯಿಲ್ಲದೆ ಒಂದಕ್ಕೊಂದು ಹೊಂದಿಸಿದ ಕಣಶಿಲೆಯ ದಿಮ್ಮಿಗಳು, ಒಳಗೆ ಮಣ್ಣು ಮತ್ತು ಕಲ್ಲಿನ ತುಂಬು, ಇದು ಅದರ ರಚನೆ. ಬಾಗಿಲುಗಳಲ್ಲಿ ದಾರಿ ನೇರವಾಗಿ ಒಳಹೋಗದೆ ತಿರುವು ಪಡೆಯುತ್ತದೆ. ನುಗ್ಗಿ ಬರುವ ಪಡೆಯ ವೇಗವನ್ನು ತಡೆದು, ಅದನ್ನು ಇಕ್ಕಟ್ಟಿನಲ್ಲಿ ಸಿಲುಕಿಸುವ ಉಪಾಯವಿದು. 1443ರಲ್ಲಿ ನಗರಕ್ಕೆ ಬಂದ ಪರ್ಷಿಯದ ರಾಯಭಾರಿ ಅಬ್ದುರ್ ರಜಾಕನು ಒಂದರೊಳಗೊಂದರಂತೆ ಏಳು ಕೋಟೆಗಳಿದ್ದುವೆಂದು ವರ್ಣಿಸಿದ್ದಾನೆ.

ಈ ನಕ್ಷೆಯನ್ನು ಮನಸ್ಸಿನಲ್ಲಿಟ್ಟುಕೊಂಡು ಹೇಮಕೂಟದ ಗುಡಿಗಳ ಪ್ರಶ್ನೆಯನ್ನು ಎತ್ತಬಹುದು. ವಿರೂಪಾಕ್ಷ ದೇವಾಲಯದ ದಕ್ಷಿಣಕ್ಕಿರುವ ಈ ಬಂಡೆಯ ಮೇಲೆ ಮೆಟ್ಟಿಲುಮೆಟ್ಟಿಲಾಗಿ ಕಿರಿದಾಗುವ ಪಿರಮಿಡ್ ಆಕಾರದ ಶಿಖರಗಳುಳ್ಳ ಗುಡಿಗಳಿವೆ. ಕೆಲವು ತ್ರಿಕೂಟಗಳು. ಹಳೆಯ ಪ್ರವಾಸಿ ಕೈಪಿಡಿಗಳಲ್ಲಿ ಇವು ಜೈನ ಗುಡಿಗಳೆಂದು ಕಾಣಿಸಿಕೊಂಡವು. ಮಾರ್ಗದರ್ಶಕರ ಬಾಯಲ್ಲಿ ಆ ಮಾತು ಇಂದಿಗೂ ಕೇಳಿಬರುವುದುಂಟು. ಶಿಖರದ ಆಕಾರವೊಂದೇ ಈ ನಿರ್ಣಯಕ್ಕೆ ಆಧಾರ. ಆದರೆ ಅಲ್ಲಿಯ ಒಂದು ತ್ರಿಕೂಟದ ಶಾಸನವು ಬೇರೆಯದನ್ನೇ ಹೇಳುತ್ತದೆ. ಮುಮ್ಮಡಿ ಸಿಂಗೆಯನಾಯಕನ ಮಗ ವೀರ ಕಂಪಿಲದೇವನು ಆ ಶಿವಾಲಯವನ್ನು ಕಟ್ಟಿಸಿ, ತನ್ನ ತಂದೆತಾಯಿಗಳ ನೆನಪೂ ಸೇರಿದಂತೆ ಮೂರು ಲಿಂಗಗಳನ್ನು ಪ್ರತಿಷ್ಠಾಪಿಸಿದನೆಂಬುದು ಅದರ ಸಾರ. ಕಾಲ ಹದಿನಾಲ್ಕನೆಯ ಶತಮಾನದ ಆರಂಭ, ಅಂದರೆ 1336ರಲ್ಲಿ ವಿಜಯನಗರ ಸ್ಥಾಪನೆಯಾಯಿತೆಂದು ಹೇಳುವುದಕ್ಕೂ ಹಿಂದಿನದು. ಮೆಟ್ಟಿಲು ಶಿಖರವು ಈ ನಾಡಿನ ಶಿಲ್ಪಿಗಳ ರೂಢಿಯ ಮಾದರಿ. ಶೈವರಿಗೂ ಜೈನರಿಗೂ ಅದೇ ಶಿಲ್ಪಿಗಳು ಅದೇ ಮಾದರಿಯಲ್ಲಿ ಕಟ್ಟಿಕೊಟ್ಟರು. ಆಕಾರವನ್ನು ನೋಡಿ ಮತವನ್ನು ನಿರ್ಣಯಿಸಬಾರದೆಂಬ ಪಾಠವನ್ನು ಹೇಮಕೂಟದಲ್ಲಿ ಕಲಿಯಬಹುದು. ಜೈನರದ್ದಲ್ಲದ ಗುಡಿಗಳನ್ನು ಜೈನರವೆಂದು ಹೇಳುವುದರಿಂದ ಜೈನ ಇತಿಹಾಸಕ್ಕೆ ಯಾವ ಲಾಭವೂ ಇಲ್ಲ. ಆ ತಪ್ಪು ಹೆಸರು ನಿಜವಾದ ಬಸದಿಗಳನ್ನು ಮರೆಮಾಡಿದೆಯಷ್ಟೆ.

ನಿಜವಾದ ಬಸದಿಯೊಂದು ಕಮಲಾಪುರಕ್ಕೆ ಸಮೀಪದಲ್ಲಿಯೇ, ಕಂಪ್ಲಿಗೆ ಹೋಗುವ ರಸ್ತೆಯ ಪಕ್ಕದಲ್ಲಿದೆ. ಜನ ಅದನ್ನು ಗಾಣಗಿತ್ತಿ ದೇವಾಲಯವೆಂದು ಕರೆಯುತ್ತಾರೆ. ಈ ಹೆಸರಿಗೂ ಅದರ ನಿರ್ಮಾಣಕ್ಕೂ ಶಾಸನದಲ್ಲಿ ಯಾವ ಸಂಬಂಧವೂ ಕಾಣುವುದಿಲ್ಲ. ಎದುರಿಗೆ ನಿಂತಿರುವ ಎತ್ತರದ ಏಕಶಿಲಾ ಸ್ತಂಭದ ಮೇಲೆ ಸಂಸ್ಕೃತ ಪದ್ಯಗಳ ಶಾಸನವಿದೆ. ಶಕ 1307ರಲ್ಲಿ (ಕ್ರಿ.ಶ. 1385-86) ಎರಡನೆಯ ಹರಿಹರನ ದಂಡನಾಯಕನಾದ ಇರುಗಪನು ಕುಂಥು ಜಿನನಾಥನಿಗೆ ಈ ಕಲ್ಲಿನ ಚೈತ್ಯಾಲಯವನ್ನು ಕಟ್ಟಿಸಿದನೆಂದು ಅದು ತಿಳಿಸುತ್ತದೆ. ಕುಂಥುನಾಥನು ಹದಿನೇಳನೆಯ ತೀರ್ಥಂಕರ. ಇರುಗಪನು ಬೈಚ ದಂಡನಾಥನ ಮಗ, ಸಿಂಹನಂದಿ ಮುನಿಯ ಶಿಷ್ಯ. ಮೂಲಸಂಘ, ನಂದಿಸಂಘ, ಬಲಾತ್ಕಾರಗಣ, ಸರಸ್ವತೀಗಚ್ಛದ ಗುರುಪರಂಪರೆಯೂ ಶಾಸನದಲ್ಲಿ ಬರುವುದರಿಂದ ಜೈನಸಂಘದ ಚರಿತ್ರೆಗೆ ಅದು ಬೆಲೆಯುಳ್ಳ ಆಕರವಾಗಿದೆ.

ಸಾಹಿತ್ಯದ ವಿದ್ಯಾರ್ಥಿಗೆ ಇರುಗಪನ ಹೆಸರು ಬೇರೊಂದು ಕಾರಣಕ್ಕೂ ಪರಿಚಿತವಾಗಿರಬೇಕು. 'ನಾನಾರ್ಥರತ್ನಮಾಲಾ' ಎಂಬ ಸಂಸ್ಕೃತ ನಿಘಂಟು ಇರುಗಪ ದಂಡನಾಥನ ಹೆಸರಿನಲ್ಲಿದೆ. ಕಂಚಿಯ ಬಳಿಯ ತಿರುಪ್ಪರುತ್ತಿಕುನ್ರಂ ಎಂಬ ಜಿನಕಂಚಿಯಲ್ಲಿಯೂ ಇರುಗಪನು ಮಂಟಪವನ್ನು ಕಟ್ಟಿಸಿದ್ದಾನೆ. ಕತ್ತಿ ಹಿಡಿದ ಕೈಗೆ ಕಂಟವೂ ಒಗ್ಗಿತ್ತೆಂಬ ಮಾತು ಚಾವುಂಡರಾಯನ ಕಾಲದಿಂದ ಬಂದ ಜೈನ ದಂಡನಾಯಕರ ಪರಂಪರೆಗೆ ಒಪ್ಪುವಂಥದೇ ಆಗಿದೆ.

ಗಾಣಗಿತ್ತಿ ಬಸದಿಯ ಶಿಖರವೂ ಮೆಟ್ಟಿಲು ಮಾದರಿಯದೇ. ಹೇಮಕೂಟದ ಗುಡಿಗಳನ್ನು ಜೈನರವೆಂದು ತಿಳಿಯಲು ಈ ಹೋಲಿಕೆಯೂ ಒಂದು ಕಾರಣವಾಗಿದ್ದೀತು. ಈ ಬಸದಿ ಇರುವ ನೆಲೆಯನ್ನೂ ಗಮನಿಸಬೇಕು. ಸಮೀಪದಲ್ಲಿಯೇ ಭೀಮನ ಹೆಬ್ಬಾಗಿಲಿದೆ. ದಾರಿ ಬಳಸಿ ಒಳಬರುವ, ಭೀಮನ ಶಿಲ್ಪವುಳ್ಳ ಕೋಟೆಬಾಗಿಲದು. ಆ ದಿಕ್ಕಿನಿಂದ ನಗರವನ್ನು ಹೊಕ್ಕ ವರ್ತಕನಿಗೂ ಸೈನಿಕನಿಗೂ ಮೊದಲು ಎದುರಾಗುತ್ತಿದ್ದ ಕಟ್ಟಡಗಳಲ್ಲಿ ಈ ಬಸದಿಯೂ ಒಂದಾಗಿರಬೇಕು. ಅದನ್ನು ಎಲ್ಲೋ ಮರೆಯಲ್ಲಿ ಕಟ್ಟಿಸಿರಲಿಲ್ಲ.

ಎರಡನೆಯ ಬಸದಿ ಇನ್ನೂ ಒಳಗಿದೆ. ಹಜಾರರಾಮ ದೇವಾಲಯದ ಕಡೆಯಿಂದ ಈಶಾನ್ಯಕ್ಕೆ ಸಾಗುವ ಹಳೆಯ ಬೀದಿಯನ್ನು ಪಾನ್‌ ಸುಪಾರಿ ಬಜಾರ್ ಎನ್ನುತ್ತಾರೆ. ಅದರ ಪಕ್ಕದಲ್ಲಿ ಪಾರ್ಶ್ವನಾಥ ಚೈತ್ಯಾಲಯದ ಅವಶೇಷವಿದೆ. ಎಲೆ ಅಡಿಕೆಯ ಅಂಗಡಿಬೀದಿಯಲ್ಲಿ ಪಾರ್ಶ್ವಜಿನನಿಗೆ ಕಲ್ಲಿನ ಚೈತ್ಯಾಲಯವನ್ನು ಎರಡನೆಯ ದೇವರಾಯನು ಕಟ್ಟಿಸಿದನೆಂದು ಅಲ್ಲಿಯ ಶಕ 1348ರ (ಕ್ರಿ.ಶ. 1426) ಶಾಸನ ಹೇಳುತ್ತದೆ. ಇಲ್ಲಿ ಎರಡು ವಿಷಯಗಳು ಮುಖ್ಯ. ಒಂದು, ಗಾಣಗಿತ್ತಿ ಬಸದಿ ಜೈನ ದಂಡನಾಯಕನ ಧರ್ಮಕಾರ್ಯವಾದರೆ ಇದು ಸ್ವತಃ ಅರಸನದು. ಇನ್ನೊಂದು, ಆ ಬೀದಿ ಯಾವುದೆಂದು ಇಂದು ಗುರುತಿಸಲು ಈ ಶಾಸನವೇ ಮುಖ್ಯ ಆಧಾರ. ವಿಜಯನಗರದ ಅಂಗಡಿಬೀದಿಯೊಂದರ ನೆಲೆಯನ್ನು ಒಂದು ಬಸದಿಯ ಕಲ್ಲು ಉಳಿಸಿಕೊಟ್ಟಿದೆ.

ಇವೆರಡನ್ನೂ ನೋಡಿದ ಮೇಲೆ ಮೂರನೆಯ ಶಾಸನವೊಂದನ್ನು ನೆನೆಯಬೇಕು. ಅದು ಹಂಪೆಯಲ್ಲಿಲ್ಲ, ಶ್ರವಣಬೆಳಗೊಳದಲ್ಲಿದೆ. ಕಾಲ 1368. ಜೈನರಿಗೂ ಶ್ರೀವೈಷ್ಣವರಿಗೂ ವಿವಾದ ಉಂಟಾದಾಗ ಆನೆಗೊಂದಿ, ಹೊಸಪಟ್ಟಣ, ಪೆನುಗೊಂಡೆ, ಕಲ್ಲೆಹ ಮೊದಲಾದ ಎಡೆಗಳ ಜೈನರು ಬುಕ್ಕರಾಯನಲ್ಲಿ ಮೊರೆಯಿಟ್ಟರು. ಅರಸನು ಜೈನರ ಕೈಯನ್ನು ಶ್ರೀವೈಷ್ಣವರ ಕೈಯಲ್ಲಿ ಇಟ್ಟು, ಎರಡು ದರ್ಶನಗಳಿಗೂ ಭೇದವಿಲ್ಲವೆಂದು ಸಾರಿದನು. ಪಂಚಮಹಾವಾದ್ಯ ಮತ್ತು ಕಲಶಗಳ ಹಕ್ಕು ಜೈನರಿಗೆ ಮೊದಲಿನಂತೆ ಸಲ್ಲಬೇಕೆಂದು ವಿಧಿಸಿದನು. ಜೈನರು ಮನೆಗೊಂದು ಹಣದಂತೆ ವರ್ಷಕ್ಕೊಮ್ಮೆ ಕೊಡಬೇಕು, ತಿರುಮಲೆಯ ತಾತಯ್ಯನು ಅದರಿಂದ ಬೆಳಗೊಳದ ದೇವರಿಗೆ ಇಪ್ಪತ್ತು ಮಂದಿ ಕಾವಲಿನವರನ್ನು ನೇಮಿಸಬೇಕು, ಮಿಕ್ಕ ಹಣದಿಂದ ಜೀರ್ಣ ಜಿನಾಲಯಗಳಿಗೆ ಸುಣ್ಣ ಬಳಿಸಬೇಕು ಎಂಬುದು ಒಪ್ಪಂದ.

ಈ ಶಾಸನವನ್ನು ಮತಸಾಮರಸ್ಯದ ದಾಖಲೆಯೆಂದು ಕೊಂಡಾಡುವುದು ವಾಡಿಕೆ. ಅದು ತಪ್ಪಲ್ಲ, ಆದರೆ ಅಪೂರ್ಣ. ವಾದ್ಯ ಮತ್ತು ಕಲಶದ ಹಕ್ಕಿಗಾಗಿ ಒಂದು ಸಮುದಾಯ ಅರಸನ ಬಾಗಿಲಿಗೆ ಹೋಗಬೇಕಾಯಿತೆಂಬುದೂ, ಅದರ ಆರಾಧ್ಯದೈವಕ್ಕೆ ಕಾವಲು ಬೇಕಾಯಿತೆಂಬುದೂ ಅದೇ ಶಾಸನ ಹೇಳುವ ಸಂಗತಿಗಳೇ. ಜೈನರ ಹಿಂದಿನ ಪ್ರಾಬಲ್ಯ ಆಗ ಕುಗ್ಗಿತ್ತು. ಹೀಗಿದ್ದೂ ಆ ಆಜ್ಞೆಯಾದ ಎರಡು ದಶಕಗಳೊಳಗೆ ರಾಜಧಾನಿಯ ಕೋಟೆಬಾಗಿಲ ಬಳಿ ಒಂದು ಬಸದಿ, ಆರು ದಶಕಗಳೊಳಗೆ ಅರಮನೆಯ ಸಮೀಪದ ಅಂಗಡಿಬೀದಿಯಲ್ಲಿ ಅರಸನೇ ಕಟ್ಟಿಸಿದ ಇನ್ನೊಂದು ಬಸದಿ ಎದ್ದುವು. ಬುಕ್ಕನ ಮಾತು ಕಾಗದದ ಮಾತಾಗಿ ಉಳಿಯಲಿಲ್ಲವೆಂಬುದಕ್ಕೆ ಈ ಎರಡು ಕಟ್ಟಡಗಳ ನೆಲೆಯೇ ಸಾಕ್ಷಿ. ಅವು ಎಲ್ಲಿವೆಯೆಂದು ತಿಳಿಯದವರಿಗೆ ಈ ಸಾಕ್ಷ್ಯ ದೊರೆಯುವುದಿಲ್ಲ.

ಆದಕಾರಣ ಅಧ್ಯಯನ ಪ್ರವಾಸವನ್ನು ಹೀಗೆ ಯೋಜಿಸಬಹುದು. ಹೊರಡುವ ಮುನ್ನ ಈ ಮೂರು ಶಾಸನಗಳ ಪಾಠವನ್ನು ತರಗತಿಯಲ್ಲಿ ಓದಬೇಕು. ಹಂಪೆಯ ಎರಡು ಶಾಸನಗಳು ಹುಲ್ಟ್ಷ್ ಸಂಪಾದಿಸಿದ ದಕ್ಷಿಣ ಭಾರತ ಶಾಸನಗಳ ಮೊದಲ ಸಂಪುಟದಲ್ಲಿಯೂ, ಬೆಳಗೊಳದ್ದು ಎಪಿಗ್ರಾಫಿಯ ಕರ್ನಾಟಿಕದ ಎರಡನೆಯ ಸಂಪುಟದಲ್ಲಿಯೂ ಇವೆ. ಮೊದಲ ದಿನ ಬೆಳಿಗ್ಗೆ ಸಂಗ್ರಹಾಲಯ, ಅಲ್ಲಿಂದ ಗಾಣಗಿತ್ತಿ ಬಸದಿ ಮತ್ತು ಭೀಮನ ಹೆಬ್ಬಾಗಿಲು, ಮಧ್ಯಾಹ್ನದ ಬಳಿಕ ಹಜಾರರಾಮ ದೇವಾಲಯ ಮತ್ತು ಪಾರ್ಶ್ವನಾಥ ಚೈತ್ಯಾಲಯ. ಎರಡನೆಯ ದಿನ ಹೇಮಕೂಟ, ವಿರೂಪಾಕ್ಷ, ವಿಠ್ಠಲ. ಬಂಡೆಗಳು ಬೇಗ ಕಾಯುವ ಸೀಮೆಯಾದ್ದರಿಂದ ಬೇಸಗೆಯನ್ನು ಬಿಟ್ಟು ಚಳಿಗಾಲವನ್ನು ಆರಿಸಿಕೊಳ್ಳುವುದು ಲೇಸು.

ಇಂದು ಆ ಬಸದಿಗಳಲ್ಲಿ ಪೂಜೆಯಿಲ್ಲ. ಗಾಣಗಿತ್ತಿಯ ಗರ್ಭಗೃಹದಲ್ಲಿ ಕುಂಥುನಾಥನ ಬಿಂಬವೂ ಇಲ್ಲ. ಉಳಿದಿರುವುದು ಗೋಡೆ, ಕಂಬ ಮತ್ತು ಅಕ್ಷರ. ಆ ಅಕ್ಷರವನ್ನು ಓದಿಕೊಂಡು ಹೋದವರಿಗೆ ಆ ಕಂಬದ ಎದುರು ಕಳೆಯುವ ಒಂದು ಗಂಟೆ ವ್ಯರ್ಥವಾಗದು.