ಕಲಬುರಗಿ ಗಡಿಯಲ್ಲಿ ಸಾಂಕ್ರಾಮಿಕ ಸನ್ನದ್ಧತೆ: ಅಂತರರಾಜ್ಯ ಸಹಕಾರದ ಇತಿಹಾಸ

ಕಲಬುರಗಿ ಜಿಲ್ಲೆಯ ಆಳಂದ, ಅಫಜಲಪುರ ತಾಲೂಕುಗಳು ಮಹಾರಾಷ್ಟ್ರಕ್ಕೆ ಅಂಟಿಕೊಂಡಿವೆ. ದೊಡ್ಡ ದವಾಖಾನೆಗೆಂದು ಇಲ್ಲಿಯವರು ಸೊಲ್ಲಾಪುರಕ್ಕೂ ಹೈದರಾಬಾದಿಗೂ ಹೋಗುವುದು ಹಳೆಯ ರೂಢಿ. ನಿಜಾಮರ ಕಾಲದಲ್ಲಿ ಈ ಭಾಗ ಹೈದರಾಬಾದ್ ಸಂಸ್ಥಾನದಲ್ಲಿತ್ತು. ಅಕ್ಕಲಕೋಟೆ ಬೇರೊಂದು ಸಂಸ್ಥಾನ, ಸೊಲ್ಲಾಪುರ ಬ್ರಿಟಿಷರದು. ಮುಂಬೈ ಪ್ಲೇಗಿನಿಂದ ಹುಟ್ಟಿದ 1897ರ ಸಾಂಕ್ರಾಮಿಕ ರೋಗಗಳ ಕಾಯ್ದೆಯೂ 2004ರ ರೋಗ ನಿಗಾ ಯೋಜನೆಯೂ ಬೇರೆಡೆ ವಿವರವಾಗಿ ದಾಖಲಾಗಿವೆ.

ಗೊಂದಲವಿರುವುದು 2020ರ ಮಾರ್ಚ್ ತಿಂಗಳ ದಾಖಲೆಯಲ್ಲಿ. ಭಾರತದ ಮೊದಲ ಕೋವಿಡ್ ಸಾವಿಗೆ ಕೆಲವು ಬರಹಗಳು ಮಾರ್ಚ್ 10 ಎನ್ನುತ್ತವೆ, ಕೆಲವು 12 ಎನ್ನುತ್ತವೆ. ಸೌದಿ ಅರೇಬಿಯಾದಿಂದ ಮರಳಿದ್ದ ಕಲಬುರಗಿಯ ವೃದ್ಧರು ತೀರಿಕೊಂಡದ್ದು 10ರಂದು. ಸೋಂಕು ಖಚಿತವಾದದ್ದು 12ರಂದು. ಸಾಯುವ ಮುನ್ನ ಅವರು ಚಿಕಿತ್ಸೆಗೆಂದು ಹೈದರಾಬಾದಿಗೆ ಹೋದ ಬಗೆಯಲ್ಲೂ ಎರಡು ಮಾತುಗಳಿವೆ. ವೈದ್ಯರ ಸಲಹೆ ಮೀರಿ ಕರೆದೊಯ್ದರು ಎಂದಿತು ಸರ್ಕಾರದ ಪ್ರಕಟಣೆ; ಕುಟುಂಬದವರು ಪತ್ರಕರ್ತರಿಗೆ ಬೇರೆಯೇ ಹೇಳಿದರು. ಈ ವಾದಕ್ಕಿಂತ ಮುಖ್ಯವಾದ ಸಂಗತಿಯೊಂದಿದೆ. ಗಂಟಲು ದ್ರವದ ಮಾದರಿ ಬೆಂಗಳೂರಿಗೆ ಹೋಗಬೇಕಾಯಿತು; ಫಲಿತಾಂಶ ಬರುವಷ್ಟರಲ್ಲಿ ರೋಗಿ ತೆಲಂಗಾಣ ಕಂಡು, ಪ್ರಾಣವನ್ನೂ ಬಿಟ್ಟಿದ್ದರು. ತೆಲಂಗಾಣಕ್ಕೆ ಮಾಹಿತಿ ತಲುಪಿದ್ದು ಆಮೇಲೆ. ಕಲಬುರಗಿಯ ಸರ್ಕಾರಿ ವೈದ್ಯಕೀಯ ಕಾಲೇಜು ಜಿಮ್ಸ್‌ನಲ್ಲಿ ಕೋವಿಡ್ ಪರೀಕ್ಷೆ ಆರಂಭವಾದದ್ದೂ ಈ ಸಾವಿನ ನಂತರವೇ.

ಮುಂದೆ ಗಡಿಯೇ ಆರೋಗ್ಯ ನೀತಿಯಾಯಿತು. ಮೇ 18ರಂದು ಕರ್ನಾಟಕವು ಮಹಾರಾಷ್ಟ್ರವೂ ಸೇರಿ ನಾಲ್ಕು ರಾಜ್ಯಗಳವರ ಪ್ರವೇಶ ತಡೆಯಿತು. ಮುಂಬೈ, ಪುಣೆಗಳಿಗೆ ದುಡಿಯಲು ಹೋಗಿದ್ದ ಇದೇ ಜಿಲ್ಲೆಯ ಕೂಲಿಕಾರರು ಊರಿಗೆ ಮರಳುತ್ತಿದ್ದ ದಿನಗಳವು. 2021ರ ಫೆಬ್ರುವರಿಯಲ್ಲಿ ಮಹಾರಾಷ್ಟ್ರದಿಂದ ಬರುವವರಿಗೆ ಆರ್‌ಟಿ–ಪಿಸಿಆರ್ ನೆಗೆಟಿವ್ ವರದಿ ಕಡ್ಡಾಯವಾದಾಗ ಆಳಂದದ ಹಿರೋಳಿ, ಖಜೂರಿ, ಅಫಜಲಪುರದ ಬಳೂರ್ಗಿ ಚೆಕ್‌ಪೋಸ್ಟ್‌ಗಳು ಮತ್ತೆ ಸುದ್ದಿಗೆ ಬಂದವು. ಈ ನಡುವೆ 2020ರ ಅಕ್ಟೋಬರಿನಲ್ಲಿ ಮಹಾರಾಷ್ಟ್ರದ ಮಳೆ ಮತ್ತು ಜಲಾಶಯಗಳ ನೀರಿನಿಂದ ಭೀಮೆ ಉಕ್ಕಿ, ಅಫಜಲಪುರ–ಜೇವರ್ಗಿಯ ನದಿದಂಡೆಯ ಜನ ಸೋಂಕಿನ ಕಾಲದಲ್ಲೇ ಕಾಳಜಿ ಕೇಂದ್ರಗಳಲ್ಲಿ ಒತ್ತಾಗಿ ಇರಬೇಕಾಯಿತು. ಜಲಾಶಯದ ಸೂಚನೆಯೂ ಆರೋಗ್ಯ ಸನ್ನದ್ಧತೆಯ ಭಾಗವೆಂದು ತೋರಿಸಿಕೊಟ್ಟ ನೆರೆಯದು.

ರೋಗಿ ಗಡಿ ದಾಟುವ ಬಗೆಗೆ ಒಪ್ಪಿತ ವಿಧಾನ ಮೂಡಿದ್ದು ದೂರದ ಕೇರಳ ಗಡಿಯ ತಲಪಾಡಿಯಲ್ಲಿ. ಕರ್ನಾಟಕ ರಸ್ತೆ ಮುಚ್ಚಿದಾಗ, ಮಂಗಳೂರಿನ ಆಸ್ಪತ್ರೆಗಳನ್ನೇ ನಂಬಿದ್ದ ಕಾಸರಗೋಡಿನ ರೋಗಿಗಳು ಸಂಕಟಕ್ಕೆ ಸಿಕ್ಕರು. ರೋಗಿಗಳಿಗೆ ದಾರಿ ತೆರೆಸುವಂತೆ ಕೇರಳ ಹೈಕೋರ್ಟ್ 2020ರ ಏಪ್ರಿಲ್ 1ರಂದು ಆದೇಶವಿತ್ತಿತು. ಎರಡೂ ರಾಜ್ಯಗಳು ವಿಧಾನವೊಂದಕ್ಕೆ ಒಪ್ಪಿವೆ ಎಂದು ಕೇಂದ್ರ ತಿಳಿಸಿದ ಮೇಲೆ ಏಪ್ರಿಲ್ 7ರಂದು ಸುಪ್ರೀಂ ಕೋರ್ಟ್ ಪ್ರಕರಣ ಮುಗಿಸಿತು. ಅದೇ ವರ್ಷದ ಕರ್ನಾಟಕ ಸಾಂಕ್ರಾಮಿಕ ರೋಗಗಳ ಕಾಯ್ದೆ ಪ್ರಾಂತವಾರು ಹಂಚಿಹೋಗಿದ್ದ ಕಾನೂನನ್ನು ಒಂದುಗೂಡಿಸಿ, ರಾಜ್ಯದ ಗಡಿ ಮುಚ್ಚುವ ಅಧಿಕಾರವನ್ನು ಸರ್ಕಾರಕ್ಕೆ ಕೊಟ್ಟಿತು. ಮುಚ್ಚುವ ಅಧಿಕಾರದಷ್ಟೇ ಸ್ಪಷ್ಟವಾಗಿ, ಆಂಬುಲೆನ್ಸ್ ದಾಟಿಸುವ ಹೊಣೆಯೂ ಹಿರೋಳಿ, ಬಳೂರ್ಗಿಯಂಥ ಪ್ರತಿ ಚೆಕ್‌ಪೋಸ್ಟ್‌ಗೆ ಮುಂಚಿತವಾಗಿ ಬರಹದಲ್ಲಿ ಇರಬೇಕು.