ಉಂಡ ಮನೆ ಯಾರದು?

"ಉಂಡ ಮನೆಗೆ ಎರಡು ಬಗೆಯಬೇಡ" ಅಂತ ಒಂದು ಗಾದೆ. ಇದನ್ನು ಹೆಚ್ಚು ಸಲ ಕೇಳಿಸಿಕೊಂಡವರು ನಮ್ಮವರು. ಜೀತಕ್ಕಿದ್ದವನು ಕೂಲಿ ಸಾಲದು ಅಂದರೆ ಧಣಿ ಹೇಳುತ್ತಿದ್ದುದು ಇದನ್ನೇ. 1976ರ ಕಾಯ್ದೆ ಜೀತವನ್ನು ಕಾಗದದ ಮೇಲೆ ರದ್ದು ಮಾಡಿತು. ಗಾದೆ ಮಾತ್ರ ಧಣಿಯ ಜಗುಲಿಯಿಂದೆದ್ದು ಸರ್ಕಾರಿ ಕಚೇರಿಯಲ್ಲೂ ಹೋಗಿ ಕೂತಿದೆ. ಅಲ್ಲಿ ಅದರ ಹೆಸರು ನಡತೆ ನಿಯಮಗಳು.

ಕೆಲಸದ ಆರ್ಡರು ಬಂದ ದಿನ ಕೇರಿಯಲ್ಲಿ ಸಕ್ಕರೆ ಹಂಚುತ್ತೇವೆ. ಆರ್ಡರಿನ ಹಿಂದಿರುವ ನಿಯಮಗಳನ್ನು ಯಾರೂ ಓದುವುದಿಲ್ಲ. ಕೇಂದ್ರ ಸರ್ಕಾರದ 1964ರ ನಿಯಮಗಳನ್ನೇ ನೋಡಿ. ನೌಕರ ಯಾವ ರಾಜಕೀಯ ಪಕ್ಷಕ್ಕೂ ಸೇರಕೂಡದು. ರಾಜಕೀಯ ಚಳವಳಿಗೆ ಚಂದಾ ಕೊಡಕೂಡದು. ಚುನಾವಣೆಯಲ್ಲಿ ಪ್ರಚಾರ ಮಾಡಕೂಡದು. ಓಟು ಹಾಕಬಹುದು, ಆದರೆ ಯಾರಿಗೆ ಹಾಕಿದೆ ಅಂತ ಬಾಯಿ ಬಿಡಕೂಡದು. ಇಷ್ಟೇ ಅಲ್ಲ. ಸರ್ಕಾರವನ್ನು ಬುಡಮೇಲು ಮಾಡುವಂಥ ಚಳವಳಿಗೆ ಮನೆಯವರು ಹೋಗದಂತೆ ತಡೆಯುವುದೂ ಅವನ ಕರ್ತವ್ಯ. ತಡೆಯಲಾಗದಿದ್ದರೆ ಸರ್ಕಾರಕ್ಕೆ ವರದಿ ಕೊಡಬೇಕು! ಕರ್ನಾಟಕದಲ್ಲಿ 1966ರ ನಿಯಮಗಳು ಹೋಗಿ 2021ರಲ್ಲಿ ಹೊಸವು ಬಂದವು. ರಾಜಕೀಯದ ಬಾಗಿಲು ಮಾತ್ರ ಮುಚ್ಚಿಯೇ ಇದೆ.

ಹಾಗಾದರೆ ಸಂಬಳ ಕೊಟ್ಟು ಸರ್ಕಾರ ಕೊಂಡುಕೊಂಡದ್ದು ದುಡಿಮೆಯನ್ನೋ, ನಾಲಗೆಯನ್ನೋ? ಈ ಪ್ರಶ್ನೆಗೆ ಚರಿತ್ರೆ ಇದೆ. ಅದನ್ನು ಬರೆದವರಲ್ಲಿ ದೊಡ್ಡ ಅಧಿಕಾರಿಗಳು ಕಡಿಮೆ. ಜಾಡಮಾಲಿಗಳು, ಗುಮಾಸ್ತರು, ರೈಲ್ವೆ ಗ್ಯಾಂಗ್‌ಮನ್‌ಗಳು, ನಾಲ್ಕನೆ ದರ್ಜೆಯ ನೌಕರರು ಬರೆದರು.

ಮೊದಲು ಜಾಡಮಾಲಿಗಳಿಂದಲೇ ಶುರು ಮಾಡೋಣ. ಬ್ರಿಟಿಷರ ಕಾಲದ ಸಂಯುಕ್ತ ಪ್ರಾಂತ್ಯದಲ್ಲಿ, ಅಂದರೆ ಇಂದಿನ ಉತ್ತರ ಪ್ರದೇಶದ ಕಡೆ, 1916ರಲ್ಲಿ ಒಂದು ಮುನಿಸಿಪಾಲಿಟಿ ಕಾಯ್ದೆ ಬಂತು. ಅದರಲ್ಲಿ 'ರೂಢಿಯ ಜಾಡಮಾಲಿ' ಅಂತ ಒಬ್ಬ ಮನುಷ್ಯನಿದ್ದಾನೆ. ತಲೆಮಾರಿನಿಂದ ಯಾವ ಮನೆಯ ಕಕ್ಕಸು ತೆಗೆಯುತ್ತಾ ಬಂದನೋ ಆ ಮನೆಯ ಕೆಲಸ ಸರಿಯಾಗಿ ಮಾಡದಿದ್ದರೆ ಅವನ ಮೇಲೆ ಮ್ಯಾಜಿಸ್ಟ್ರೇಟರಿಗೆ ದೂರು ಕೊಡಬಹುದು. ಮುನಿಸಿಪಾಲಿಟಿಯ ಸಂಬಳದ ಜಾಡಮಾಲಿ ಅನುಮತಿಯಿಲ್ಲದೆ ಕೆಲಸ ಬಿಟ್ಟರೆ, ಕಾರಣವಿಲ್ಲದೆ ಗೈರಾದರೆ, ಎರಡು ತಿಂಗಳವರೆಗೆ ಜೈಲು. ಕಕ್ಕಸು ತೆಗೆಯುವವನು ಕೆಲಸ ಬಿಟ್ಟರೆ ಅದು ಅಪರಾಧ! ಜಾತಿ ಹೇಳಿದ್ದನ್ನೇ ಕಾನೂನು ಇಂಗ್ಲಿಷಿನಲ್ಲಿ ಹೇಳಿತು, ಅಷ್ಟೇ. ಸಾರ್ವಜನಿಕ ಸೇವೆಯ ಹೆಸರಿನಲ್ಲಿ ಮುಷ್ಕರವನ್ನು ಅಪರಾಧ ಮಾಡುವ ವಿದ್ಯೆ ಈ ದೇಶದಲ್ಲಿ ಮೊದಲು ಯಾರ ಮೈಮೇಲೆ ಪ್ರಯೋಗವಾಯಿತು ಅನ್ನುವುದನ್ನು ನಾವು ಮರೆಯಬಾರದು.

ಇದರ ಬೇರನ್ನು ಕಂಡವರು ಬಾಬಾಸಾಹೇಬರು. ಮುಂಬಯಿಯ ಮುನಿಸಿಪಲ್ ಕಾರ್ಮಿಕರನ್ನು 1930ರ ದಶಕದಲ್ಲಿ ಅವರು ಸಂಘಟಿಸಿದರು. 1936ರಲ್ಲಿ ಸ್ವತಂತ್ರ ಕಾರ್ಮಿಕ ಪಕ್ಷ ಕಟ್ಟಿದರು. 1938ರಲ್ಲಿ ಮುಂಬಯಿಯ ಕಾಂಗ್ರೆಸ್ ಸರ್ಕಾರ ಕೈಗಾರಿಕಾ ವಿವಾದಗಳ ಮಸೂದೆ ತಂದು, ಕೆಲವು ಸಂದರ್ಭಗಳಲ್ಲಿ ಮುಷ್ಕರ ಮಾಡಿದವರಿಗೆ ಶಿಕ್ಷೆ ಅಂದಾಗ ವಿಧಾನಸಭೆಯಲ್ಲಿ ಎದ್ದು ನಿಂತರು. ಅವರ ವಾದ ನೇರ. ಕೆಲಸ ನಿಲ್ಲಿಸುವುದು ಹೆಚ್ಚೆಂದರೆ ಕರಾರು ಮುರಿದಂತೆ, ಅದು ಅಪರಾಧವಲ್ಲ. ಒಲ್ಲೆ ಅಂದವನನ್ನು ಜೈಲಿನ ಹೆದರಿಕೆಯಿಂದ ದುಡಿಸುವುದು ಗುಲಾಮಗಿರಿ. ಮುಷ್ಕರದ ಹಕ್ಕು ಅಂದರೆ ಸ್ವಾತಂತ್ರ್ಯದ ಹಕ್ಕಿಗೆ ಇನ್ನೊಂದು ಹೆಸರು. ಆ ವರ್ಷ ನವೆಂಬರ್ 7ರಂದು ಅವರ ಪಕ್ಷವೂ ಕಮ್ಯುನಿಸ್ಟರೂ ಸೇರಿ ಮುಂಬಯಿಯಲ್ಲಿ ಒಂದು ದಿನದ ಮುಷ್ಕರ ಮಾಡಿದರು. ಮಸೂದೆ ಕಾಯ್ದೆಯಾಯಿತು. ಆದರೆ ಬಾಬಾಸಾಹೇಬರ ವಾದ ಸೋಲಲಿಲ್ಲ, ಇವತ್ತಿಗೂ ಅದಕ್ಕೆ ಉತ್ತರ ಬಂದಿಲ್ಲ.

1950ರಲ್ಲಿ ಸಂವಿಧಾನ ಬಂತು. 19ನೆಯ ವಿಧಿ ಮಾತಾಡುವ, ಶಾಂತಿಯಿಂದ ಸೇರುವ, ಸಂಘ ಕಟ್ಟುವ ಹಕ್ಕನ್ನು ಎಲ್ಲ ಪ್ರಜೆಗಳಿಗೂ ಕೊಟ್ಟಿತು. ಸರ್ಕಾರಿ ನೌಕರ ಪ್ರಜೆಯೇ ತಾನೆ? ಏಳು ವರ್ಷದಲ್ಲಿ ಉತ್ತರ ಸಿಕ್ಕಿತು. 1957ರ ಜುಲೈ 31ರಂದು ದೆಹಲಿಯಲ್ಲಿ ಜಾಡಮಾಲಿಗಳ ಮುಷ್ಕರದ ವೇಳೆ ಪೊಲೀಸರು ಅವರ ಕಾಲೋನಿಯಲ್ಲಿ ಗುಂಡು ಹಾರಿಸಿದರು. ಭೂಪ್ ಸಿಂಗ್ ಎಂಬ ಯುವಕ ಸತ್ತ. ಕಾರ್ಖಾನೆಯ ಮಜೂರನಿಗೆ ಮೇ 1 ಇದ್ದ ಹಾಗೆ ಉತ್ತರ ಭಾರತದ ಸಫಾಯಿ ಕಾರ್ಮಿಕರಿಗೆ ಜುಲೈ 31 ಇದೆ. ನಮ್ಮ ಪಠ್ಯಪುಸ್ತಕದಲ್ಲಿ ಆ ತಾರೀಖು ಇಲ್ಲ. ಅದೇ ಆಗಸ್ಟ್‌ನಲ್ಲಿ, ಅಂಚೆ ತಂತಿ ನೌಕರರೂ ಮುಷ್ಕರದ ಮಾತೆತ್ತಿದಾಗ, ಅಗತ್ಯ ಸೇವೆಗಳ ಕಾಯ್ದೆ ಬಂತು. ಜಾಡಮಾಲಿಗೆ ಹಾಕಿದ್ದ ಬೇಡಿ ಗುಮಾಸ್ತನ ಕೈಗೂ ಬಂತು.

1960ರ ಜುಲೈ 11ರ ನಡುರಾತ್ರಿ ಕೇಂದ್ರ ಸರ್ಕಾರದ ನೌಕರರು ಮುಷ್ಕರಕ್ಕಿಳಿದರು. ಕೇಳಿದ್ದು ಬದುಕಿಗೆ ಸಾಲುವಷ್ಟು ಕನಿಷ್ಠ ಸಂಬಳ ಮತ್ತು ತುಟ್ಟಿಭತ್ಯೆ. ಸರ್ಕಾರ ಕೊಟ್ಟದ್ದು ಸುಗ್ರೀವಾಜ್ಞೆ. ಐದೇ ದಿನಕ್ಕೆ ಮುಷ್ಕರ ಮುರಿಯಿತು. ಸಂಘಗಳ ಮಾನ್ಯತೆ ಹೋಯಿತು, ಸಾವಿರಾರು ಜನ ಜೈಲು, ಅಮಾನತು ಕಂಡರು.

ಆದರೆ ಸೋತ ಮುಷ್ಕರದ ಬೂದಿಯಲ್ಲಿ ಒಂದು ಕೆಂಡ ಉಳಿದಿತ್ತು. ಮುಂಬಯಿಯ ಲೆಕ್ಕಪತ್ರ ಇಲಾಖೆಯ ನೌಕರ, ಸಂಘದ ಕಾರ್ಯದರ್ಶಿ ಇ. ಎಕ್ಸ್. ಜೋಸೆಫ್ ಕೋರ್ಟಿಗೆ ಹೋದರು. ಸರ್ಕಾರ ಮಾನ್ಯ ಮಾಡದ ಸಂಘಕ್ಕೆ ನೌಕರ ಸೇರಕೂಡದು ಅನ್ನುವ ನಿಯಮವನ್ನು ಸುಪ್ರೀಂ ಕೋರ್ಟು 1962ರಲ್ಲಿ ಹೊಡೆದುಹಾಕಿತು. ಅದೇ ವರ್ಷ ಬಿಹಾರದ ಕಾಮೇಶ್ವರ ಪ್ರಸಾದ್ ಮೊಕದ್ದಮೆಯಲ್ಲಿ, ಎಲ್ಲ ಬಗೆಯ ಪ್ರದರ್ಶನವನ್ನೂ ಒಟ್ಟಿಗೆ ನಿಷೇಧಿಸುವುದು ತಪ್ಪು ಅಂದಿತು. ಸರ್ಕಾರಿ ಕೆಲಸಕ್ಕೆ ಸೇರಿದ ಮಾತ್ರಕ್ಕೆ ಮನುಷ್ಯ ತನ್ನ ಮೂಲಭೂತ ಹಕ್ಕುಗಳನ್ನು ಕಳಕೊಳ್ಳುವುದಿಲ್ಲ ಅನ್ನುವುದು ಈ ಎರಡು ತೀರ್ಪುಗಳ ತಿರುಳು. ಮುಷ್ಕರ ಮೂಲಭೂತ ಹಕ್ಕಲ್ಲ ಅಂತಲೂ ಅದೇ ಕೋರ್ಟು ಹೇಳಿತು. ಅಂದರೆ ಕೂಗಬಹುದು, ಕೈ ಎತ್ತಬಾರದು. ಆದರೂ ಮೇಷ್ಟ್ರುಗಳೇ, ಇವತ್ತು ನೀವು ಸಂಘದ ಬ್ಯಾನರ್ ಹಿಡಿದು ತಾಲೂಕು ಕಚೇರಿ ಮುಂದೆ ನಿಲ್ಲುವುದಕ್ಕೆ ಜಾಗ ಮಾಡಿಕೊಟ್ಟವರು 1960ರಲ್ಲಿ ಕೆಲಸ ಕಳಕೊಂಡ ಗುಮಾಸ್ತರು ಅನ್ನುವುದು ನೆನಪಿರಲಿ.

ಈಗ ಪುಣೆಗೆ ಹೋಗೋಣ. 1960ರ ದಶಕದ ನಡುವೆ ಅಲ್ಲಿನ ರಕ್ಷಣಾ ಇಲಾಖೆಯ ಸ್ಫೋಟಕ ಸಂಶೋಧನಾ ಪ್ರಯೋಗಾಲಯದಲ್ಲಿ ಅಂಬೇಡ್ಕರ್ ಜಯಂತಿ, ಬುದ್ಧ ಜಯಂತಿಯ ರಜೆಗಳನ್ನು ತೆಗೆದರು. ಓದಿದವರು ಸುಮ್ಮನಿದ್ದರು. ಎದುರು ನಿಂತವನು ದೀನಾಭಾನಾ, ರಾಜಸ್ಥಾನದ ಭಂಗಿ ಜಾತಿಯ ನಾಲ್ಕನೆ ದರ್ಜೆ ನೌಕರ. ಅವನನ್ನು ಅಮಾನತು ಮಾಡಿದರು. ಅವನ ಬೆನ್ನಿಗೆ ಬಂದವರು ಅಲ್ಲೇ ಕೆಲಸದಲ್ಲಿದ್ದ ಪಂಜಾಬಿನ ಕಾನ್ಶಿರಾಮ್. ಕೋರ್ಟಿನಲ್ಲಿ ಹೋರಾಡಿ ಕೆಲಸವೂ ವಾಪಸು ಬಂತು, ರಜೆಯೂ ಬಂತು. ಅಂಬೇಡ್ಕರರನ್ನು ಕಾನ್ಶಿರಾಮರು ಓದಲು ಶುರು ಮಾಡಿದ್ದು ಆ ಜಗಳದ ನಂತರ. ಒಬ್ಬ ಜಾಡಮಾಲಿಯ ಹಟ ಒಬ್ಬ ನಾಯಕನನ್ನು ಹುಟ್ಟಿಸಿತು.

ಮುಂದಿನದು ಇನ್ನೂ ಮುಖ್ಯ. 1978ರ ಡಿಸೆಂಬರ್ 6ರಂದು ಕಾನ್ಶಿರಾಮ್ ಕಟ್ಟಿದ ನೌಕರರ ಸಂಘಟನೆ ಬಾಮ್ಸೆಫ್ ತನ್ನನ್ನು ರಾಜಕೀಯೇತರ, ಚಳವಳಿಯೇತರ ಅಂತ ಕರೆದುಕೊಂಡಿತು. ಯಾಕೆ? ಹೇಡಿತನದಿಂದಲ್ಲ, ನಡತೆ ನಿಯಮ ಕತ್ತಿನ ಮೇಲಿತ್ತು. ಆದ್ದರಿಂದ ಬೀದಿಗಿಳಿಯಲು 1981ರಲ್ಲಿ ಡಿಎಸ್-4, ಓಟು ಕೇಳಲು 1984ರ ಏಪ್ರಿಲ್ 14ರಂದು ಬಹುಜನ ಸಮಾಜ ಪಕ್ಷ. ದುಡ್ಡು, ಬುದ್ಧಿ, ಸಮಯವನ್ನು ನೌಕರ ಹಿಂದಿನಿಂದ ಕೊಡುವುದು, ಮುಂದೆ ಬೇರೆಯವರು ನಿಲ್ಲುವುದು. ಮೀಸಲಾತಿಯಿಂದ ನಮ್ಮ ಓದಿದವರೆಲ್ಲ ಹೋಗಿ ಕೂತದ್ದು ಸರ್ಕಾರಿ ಕುರ್ಚಿಯಲ್ಲಿ. ಬ್ರಾಹ್ಮಣನ ಮಗನಿಗೆ ವಕಾಲತ್ತು ಇತ್ತು, ಪತ್ರಿಕೆ ಇತ್ತು. ಸೇಠುವಿನ ಮಗನಿಗೆ ಅಂಗಡಿ ಇತ್ತು, ಗೌಡನ ಮಗನಿಗೆ ಜಮೀನಿತ್ತು. ಅವರು ರಾಜಕೀಯ ಮಾಡಲು ಯಾರ ಅಪ್ಪಣೆಯೂ ಬೇಕಿರಲಿಲ್ಲ. ಮನೆಯಲ್ಲಿ ಮೊದಲ ಪದವಿ ಪಡೆದ ನಮ್ಮಂಥವರಿಗೆ ಇದ್ದ ದಾರಿ ಒಂದೇ, ನೌಕರಿ. ಆ ದಾರಿಯ ಬಾಗಿಲಲ್ಲೇ ನಾಲಗೆ ಬಿಚ್ಚಿಟ್ಟು ಒಳಗೆ ಬಾ ಅಂದರೆ, ಒಂದು ಇಡೀ ಜನಾಂಗದ ಓದಿದ ತಲೆಗಳನ್ನು ರಾಜಕೀಯದಿಂದ ಹೊರಗಿಟ್ಟಂತೆ. ನಿಯಮ ಎಲ್ಲರಿಗೂ ಒಂದೇ, ಪೆಟ್ಟು ಒಂದೇ ಅಲ್ಲ. ಕರ್ನಾಟಕದ ದಲಿತ ಚಳವಳಿಯನ್ನು ಕಟ್ಟಿದ ಪ್ರೊ. ಬಿ. ಕೃಷ್ಣಪ್ಪನವರು ಭದ್ರಾವತಿಯಲ್ಲಿ ಕಾಲೇಜು ಮೇಷ್ಟ್ರಾಗಿದ್ದರು. ಅವರು ನಾಲಗೆ ಬಿಚ್ಚಿಡಲಿಲ್ಲ. ಇಟ್ಟಿದ್ದರೆ ನಾವೆಲ್ಲಿರುತ್ತಿದ್ದೆವು?

1974ರ ಮೇ 8ರಿಂದ 27ರವರೆಗೆ ಸುಮಾರು 17 ಲಕ್ಷ ರೈಲ್ವೆ ಕಾರ್ಮಿಕರು ರೈಲು ನಿಲ್ಲಿಸಿದರು. ಮುಂದಾಳು ನಮ್ಮ ಮಂಗಳೂರಿನಲ್ಲಿ ಹುಟ್ಟಿದ ಜಾರ್ಜ್ ಫರ್ನಾಂಡಿಸ್. ಮುಷ್ಕರಕ್ಕೆ ಮೊದಲೇ ಅವರನ್ನು ಹಿಡಿದರು. ಕ್ವಾರ್ಟರ್ಸುಗಳಿಂದ ಹೆಂಡತಿ ಮಕ್ಕಳನ್ನು ಹೊರಗೆ ಹಾಕಿದರು. ಅವರು ಕೇಳಿದ ಬೋನಸ್ ಕೊನೆಗೂ 1979ರಲ್ಲಿ ಬಂತು. ಇತ್ತ ಬೆಂಗಳೂರಿನ ಸಾರ್ವಜನಿಕ ಉದ್ದಿಮೆಗಳ ಕಾರ್ಮಿಕರು 1980ರ ಡಿಸೆಂಬರ್ ಕೊನೆಯಿಂದ 77 ದಿನ ಗೇಟಿನ ಹೊರಗೆ ನಿಂತರು. ಅವರು ಕಾರ್ಖಾನೆ ಕಾನೂನಿನ ಕೆಳಗಿನವರು, ನೋಟೀಸು ಕೊಟ್ಟು ಮುಷ್ಕರ ಮಾಡಬಹುದು. ಗುಮಾಸ್ತನಿಗೆ, ಮೇಷ್ಟ್ರಿಗೆ ಅದಿಲ್ಲ. ಒಂದೇ ಸರ್ಕಾರ, ಎರಡು ಅಳತೆ.

2003ರ ಜುಲೈನಲ್ಲಿ ತಮಿಳುನಾಡು ಸರ್ಕಾರ ಮುಷ್ಕರ ಮಾಡಿದ ಸುಮಾರು 1.7 ಲಕ್ಷ ನೌಕರರನ್ನೂ ಮೇಷ್ಟ್ರುಗಳನ್ನೂ ವಿಚಾರಣೆಯಿಲ್ಲದೆ ಮನೆಗೆ ಕಳಿಸಿತು. ಕೋರ್ಟಿನ ಮುಂದೆ ಹೆಚ್ಚಿನವರಿಗೆ ಕೆಲಸ ವಾಪಸು ಸಿಕ್ಕಿತು. ಆದರೆ ಆಗಸ್ಟ್ 6ರ ತೀರ್ಪಿನಲ್ಲಿ ಸುಪ್ರೀಂ ಕೋರ್ಟು, ಸರ್ಕಾರಿ ನೌಕರನಿಗೆ ಮುಷ್ಕರದ ಕಾನೂನು ಹಕ್ಕಷ್ಟೇ ಅಲ್ಲ, ನೈತಿಕ ಹಕ್ಕೂ ಇಲ್ಲ ಅಂದಿತು. ನೈತಿಕ ಹಕ್ಕೂ ಇಲ್ಲ! ಉಂಡ ಮನೆಯ ಗಾದೆ ಮತ್ತೆ ಕೇಳಿಸಿತಲ್ಲ?

ಇಲ್ಲಿ ಒಂದು ಪ್ರಶ್ನೆಯನ್ನು ಪ್ರಾಮಾಣಿಕವಾಗಿ ಎದುರಿಸಬೇಕು. ತಹಶೀಲ್ದಾರ ಪಕ್ಷದ ಆಳಾದರೆ ಮೊದಲು ಸಾಯುವವರು ನಾವೇ. ಕೇರಿಯವನ ಪಹಣಿ, ಪಿಂಚಣಿ, ಕೇಸು ಎಲ್ಲವೂ ಅವನ ಮೇಜಿನ ಮೇಲಿರುತ್ತದೆ. ಕುರ್ಚಿಯ ಅಧಿಕಾರ ಪಕ್ಷದ ಸೇವೆಗಲ್ಲ ಅನ್ನುವ ನಿಯಮ ನಮಗೇ ಹೆಚ್ಚು ಬೇಕು. ಆದರೆ ಕುರ್ಚಿಯ ಅಧಿಕಾರ ಬೇರೆ, ಕುರ್ಚಿಯಿಂದೆದ್ದು ಮನೆಗೆ ಹೋದ ಮನುಷ್ಯನ ನಂಬಿಕೆ ಬೇರೆ. ಮಧ್ಯಪ್ರದೇಶದ ಒಬ್ಬ ಮೇಷ್ಟ್ರನ್ನು ಹಿಂದೆ ಆರೆಸ್ಸೆಸ್, ಜನಸಂಘದಲ್ಲಿದ್ದ ಅಂತ ಪೊಲೀಸರು ವರದಿ ಕೊಟ್ಟದ್ದಕ್ಕೆ ತೆಗೆದುಹಾಕಿದ್ದರು. 1983ರಲ್ಲಿ ನ್ಯಾಯಮೂರ್ತಿ ಚಿನ್ನಪ್ಪ ರೆಡ್ಡಿ ಅದು ತಪ್ಪು ಅಂದರು. ಮುಂದೆ ಕರ್ನಾಟಕದ ಮೂರನೆ ಹಿಂದುಳಿದ ವರ್ಗಗಳ ಆಯೋಗಕ್ಕೆ ಅಧ್ಯಕ್ಷರಾದವರು ಇವರೇ. ಆ ಮೇಷ್ಟ್ರ ರಾಜಕೀಯ ನಮ್ಮದಲ್ಲ, ನಮ್ಮ ಎದುರಿನದು. ಆದರೂ ತೀರ್ಪು ಸರಿ. ಅವನಿಗಿಲ್ಲದ ಹಕ್ಕು ನನಗೂ ಉಳಿಯುವುದಿಲ್ಲ. ತೊಂದರೆ ಬೇರೆ ಕಡೆ ಇದೆ. ಆರೆಸ್ಸೆಸ್ ಮತ್ತು ಜಮಾತೆ ಇಸ್ಲಾಮಿಗೆ ನೌಕರರು ಸೇರಬಾರದು ಅಂತ 1966ರಲ್ಲಿ ಕೇಂದ್ರದ ಆದೇಶವಿತ್ತು. 2024ರ ಜುಲೈ 9ರಂದು ಅದರಿಂದ ತೆಗೆದದ್ದು ಆರೆಸ್ಸೆಸ್ಸಿನ ಹೆಸರನ್ನು ಮಾತ್ರ. ಬಾಗಿಲು ತೆರೆದರೆ ಎಲ್ಲರಿಗೂ ತೆರೆಯಬೇಕು. ಧಣಿಗೆ ಬೇಕಾದವರಿಗೆ ಮಾತ್ರ ತೆರೆದದ್ದು ಹಕ್ಕಲ್ಲ, ಸಲುಗೆ.

ಇನ್ನು ಉಂಡ ಮನೆಯ ಲೆಕ್ಕ. ಸರ್ಕಾರದ ಬೊಕ್ಕಸ ತುಂಬಿದ್ದು ಯಾರ ತೆರಿಗೆಯಿಂದ? ಬೆಂಕಿಪೊಟ್ಟಣ ಕೊಂಡ ಮುದುಕಿಯೂ ಅದಕ್ಕೆ ಕಾಸು ಹಾಕಿದ್ದಾಳೆ. ಮಂತ್ರಿಗಳು ಐದು ವರ್ಷದ ಬಾಡಿಗೆದಾರರು. ಮನೆ ನಮ್ಮದು, ಉಂಡದ್ದು ನಮ್ಮ ಬೆವರಿನದು. ಹಾಗಿರುವಾಗ ಮನೆ ಸೋರುತ್ತಿದೆ ಅಂತ ಹೇಳಿದವನು ಎರಡು ಬಗೆದವನು ಹೇಗಾಗುತ್ತಾನೆ?

2022ರ ಜುಲೈನಲ್ಲಿ ಬೆಂಗಳೂರಿನ ಪೌರಕಾರ್ಮಿಕರು ಪೊರಕೆ ಕೆಳಗಿಟ್ಟು ಕಾಯಂ ಕೆಲಸ ಕೇಳಿದರು. ಹೆಚ್ಚಿನವರು ಹೆಣ್ಣುಮಕ್ಕಳು, ನಮ್ಮ ಕೇರಿಗಳಿಂದ ಬಂದವರು. ಅವರಿಗೆ ಕಾಯಂ ಕೆಲಸದ ಭದ್ರತೆಯೂ ಇರಲಿಲ್ಲ, ಆದರೂ ಮಾತಾಡಿದರು. ಕಾಯಂ ಕುರ್ಚಿಯಲ್ಲಿ ಕೂತ ನಾವು ಅವರ ಜೊತೆ ನಿಲ್ಲಲು ನಿಯಮದ ಪುಸ್ತಕ ಹುಡುಕುತ್ತೇವೆ. ಹುಡುಕಿ, ತಪ್ಪಿಲ್ಲ. ಪೂರ್ತಿ ಓದಿ, 1962ರ ತೀರ್ಪುಗಳನ್ನೂ ಜೊತೆಗಿಟ್ಟುಕೊಂಡು ಓದಿ. ಸಂಘದಲ್ಲಿ ಕೂತು ನಾಲ್ಕು ಜನಕ್ಕೆ ಓದಿ ಹೇಳಿ. ನಿಯಮ ಮುಚ್ಚಿದ್ದೆಷ್ಟು, ನಮ್ಮ ಭಯ ಮುಚ್ಚಿದ್ದೆಷ್ಟು ಅನ್ನುವುದು ಆಗ ಗೊತ್ತಾಗುತ್ತದೆ.